ಎಡಗಡೆಯ ಎರಡು ಗಾಲಿಗಳು

ನಮ್ಮ ಯಜಮಾನರಿಗೆ ನನಗಿಂತ ಕಾರಿನ ಮೇಲೆ ಪ್ರೀತಿ ಹೆಚ್ಚು ಎಂದು ನಾನು ಬಂದವರ ಮುಂದೆಲ್ಲ ಆಡಿಕೊಳ್ಳುತ್ತಿದ್ದೆ. ಅವರೂ ಅಲ್ಲವೆನ್ನುತ್ತಿರಲಿಲ್ಲ. ಬಿಳೇಕಹಳ್ಳಿಯಲ್ಲಿ ನಮ್ಮದು ಹಳೆಯ ಊರೊಳಗಿನ ಮನೆ. ಮಾವನವರು ರಾಗಿ ಬೆಳೆದ ಜಾಗದಲ್ಲಿ ಈಗ ಕೆಳಗೆ ನಾವು, ಮೇಲಿನ ಮೂರು ಅಂತಸ್ತಿನಲ್ಲಿ ಬಾಡಿಗೆಯವರು. ನೀರಿನ ಮೋಟರು ಕೆಟ್ಟಾಗ ಓಡಾಡುವುದು ಬಿಟ್ಟರೆ ಯಜಮಾನರಿಗೆ ಹೇಳಿಕೊಳ್ಳುವಂಥ ಕೆಲಸವಿಲ್ಲ. ಬೆಳಗ್ಗೆ ಎದ್ದರೆ ಕಾರು, ಸಂಜೆ ಆದರೆ ಕಾರು.

ಮಗಳ ಮದುವೆಯ ವರ್ಷ ಆ ಕಾರಿನ ಜೊತೆ ಬಂದಿದ್ದ ಕಬ್ಬಿಣದ ಗಾಲಿಗಳನ್ನು ಬಿಚ್ಚಿಸಿ, ಹೊರಗಿನ ಅಂಗಡಿಯೊಂದರಲ್ಲಿ ಅಲಾಯ್ ಗಾಲಿಗಳನ್ನು ಹಾಕಿಸಿದರು. ಬೀಗರು ಬಂದಾಗ ಗಾಡಿ ಚೆನ್ನಾಗಿ ಕಾಣಬೇಕಂತೆ. ಬೆಳ್ಳಿಯ ಬಣ್ಣ, ಹೂವಿನ ಎಸಳಿನ ಆಕಾರ, ಮುಖ ನೋಡಿಕೊಳ್ಳುವಷ್ಟು ಹೊಳಪು. ಗಾಡಿಯೇ ಹಳೆಯದು, ಅದಕ್ಕೆ ಇಂಥ ಗಾಲಿ. ಮೂಗಿಗಿಂತ ಮೂಗುತಿ ಭಾರವಾಯಿತು ಎಂದೆ. ಅವರು ಕೇಳಿಸಿಕೊಳ್ಳದೆ ಬನಿಯನ್ ಬಟ್ಟೆಯಲ್ಲಿ ಗಾಲಿ ಒರೆಸುತ್ತಾ ಕೂತರು.

ಎರಡು ಮಳೆಗಾಲ ಕಳೆದ ಮೇಲೆ ಗಾಲಿಯ ಅಂಚಿನಲ್ಲಿ ಗುಳ್ಳೆ ಎದ್ದಿತು. ಆ ಬೆಳ್ಳಿಯ ಬಣ್ಣದ ಮೇಲೆ ಕಣ್ಣಿಗೆ ಕಾಣದ ಹಾಗೆ ವಾರ್ನಿಷ್ ಥರದ್ದೊಂದು ಬಳಿದಿರುತ್ತಾರೆ. ಕ್ಲಿಯರ್ ಕೋಟ್ ಎನ್ನುತ್ತಾರೆ. ಹೊಳಪೆಲ್ಲ ಅದರದೇ. ಅದು ಸಡಿಲವಾಗಿ, ಈರುಳ್ಳಿಯ ಒಳಪೊರೆಯ ಹಾಗೆ ತೆಳ್ಳಗೆ ಏಳತೊಡಗಿತು. ಯಜಮಾನರು ಉಗುರಿನಿಂದ ಕೆರೆದರು. ಕೆರೆದಷ್ಟೂ ಬಂತು. ಕೆಳಗಿನ ಲೋಹ ಬೂದಿಯ ಬಣ್ಣಕ್ಕೆ ತಿರುಗಿತ್ತು. ಮೊದಲು ಒಂದು ಗಾಲಿ, ಆಮೇಲೆ ಇನ್ನೊಂದು, ವರ್ಷ ತುಂಬುವುದರೊಳಗೆ ನಾಲ್ಕೂ ಸುಲಿದುಕೊಂಡವು.

ಇದಕ್ಕೆ ಯಾರನ್ನಾದರೂ ಹಿಡಿಯಬೇಕಿತ್ತು. ಮೊದಲು ಸಿಕ್ಕವನು ನಮ್ಮ ಬೀದಿಯ ಕಾರುಗಳನ್ನೆಲ್ಲ ಬೆಳಗ್ಗೆ ತೊಳೆದುಕೊಡುವವನು. ಬಚ್ಚಲು ತೊಳೆಯುವ ಆಸಿಡ್ ಹಾಕಿದ್ದೀಯ ಎಂದು ಗೇಟಿನ ಹತ್ತಿರವೇ ಕೂಗಾಡಿದರು.

"ಅಣ್ಣ, ಶಾಂಪೂ ಬಿಟ್ರೆ ಇನ್ನೇನೂ ಹಾಕಿಲ್ಲ. ಬೇಕಾದ್ರೆ ಬಕೆಟ್ ಮೂಸಿ ನೋಡಿ," ಅಂದ ಅವನು.

"ನಾಳೆಯಿಂದ ಬರಬೇಡ ನೀನು."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಅವನು ಬಕೆಟ್ಟು ಎತ್ತಿಕೊಂಡು ಹೋದ. ಅವನ ಮೇಲೆ ನನಗೆ ಅನುಮಾನವಿರಲಿಲ್ಲ, ಆದರೂ ಗಂಡನ ಕೂಗಾಟದ ಎದುರು ಬಾಯಿ ಬಿಡಲಿಲ್ಲ. ಆಮೇಲೆ ಬೋರಿನ ಗಡಸು ನೀರು ಸರಿಯಿಲ್ಲ ಎಂದರು. ಬನ್ನೇರುಘಟ್ಟ ರಸ್ತೆಯ ಮೆಟ್ರೋ ಕಾಮಗಾರಿಯ ಸಿಮೆಂಟ್ ಧೂಳು ಎಂದರು. ಕೊನೆಗೆ ಗಾಲಿ ಮಾಡಿದವನೇ ಕಳ್ಳ ಎಂದು ತೀರ್ಮಾನವಾಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಕುಣಿಯಲಾರದವರು ಇಲ್ಲಿ ಯಾರು ಎಂದು ಆಗ ನನಗೂ ಗೊತ್ತಿರಲಿಲ್ಲ.

ಹೊಸದಾಗಿ ಬಣ್ಣ ಹೊಡೆಸಲು ಜೆ.ಪಿ. ನಗರದ ಅಂಗಡಿಯೊಂದಕ್ಕೆ ಹೋದೆವು. ನಾನೂ ಜೊತೆಗಿದ್ದೆ. ಅಂಗಡಿಯವನು ಗಾಲಿಯ ಅಂಚನ್ನು ಬೆರಳಿನಿಂದ ಸವರಿ ನೋಡಿದ.

"ಸಾರ್, ಇಲ್ಲಿ ಫುಟ್‌ಪಾತ್ ಕಲ್ಲಿಗೆ ಉಜ್ಜಿದೆ. ಅಂಚು ಒಡೆದ್ರೆ ನೀರು ಒಳಗೆ ಹೋಗತ್ತೆ. ಆಮೇಲೆ ಕೋಟಿಂಗ್ ನಿಲ್ಲಲ್ಲ."

"ಏನ್ರೀ, ಮೂವತ್ತು ವರ್ಷದಿಂದ ಗಾಡಿ ಓಡಿಸ್ತಾ ಇದೀನಿ. ನಾಲ್ಕೂ ಗಾಲಿ ಸುಲಿದಿದೆ, ನಾಲ್ಕನ್ನೂ ತಗೊಂಡ್ಹೋಗಿ ಕಲ್ಲಿಗೆ ತಿಕ್ಕಿದ್ನಾ ನಾನು?"

"ಹೌದಪ್ಪ, ನಮ್ಮನೆಯವ್ರು ಗಾಡಿಗೆ ಒಂದು ಗೀರು ಬೀಳೋಕೆ ಬಿಟ್ಟೋರಲ್ಲ," ಎಂದು ನಾನೂ ದನಿ ಸೇರಿಸಿದೆ.

"ಆಯ್ತು ಬಿಡಿ ಮೇಡಂ, ಮಾಡ್ಕೊಡ್ತೀವಿ," ಎಂದು ಅವನು ಜಾಕ್ ತರಲು ಹೋದ.

ಬಣ್ಣವೆಲ್ಲ ತೆಗೆದು, ಮತ್ತೆ ಬಳಿದು, ಮೇಲೆ ಹೊಳಪಿನ ಕೋಟು ಕೊಟ್ಟು ಹೊಸದರಂತೆ ಮಾಡಿಕೊಟ್ಟ. ಮನೆಗೆ ಬರುವಾಗ ಯಜಮಾನರು ಶಿಳ್ಳೆ ಹಾಕುತ್ತಿದ್ದರು. ಆ ದಿನ ಅವರು ಸಂತೋಷವಾಗಿದ್ದರು, ಅದು ನನಗೆ ಚೆನ್ನಾಗಿ ನೆನಪಿದೆ.

ನಮ್ಮ ಕಾಂಪೌಂಡಿನೊಳಗೆ ಕಾರು ನಿಲ್ಲಿಸಿದರೆ ಅದರ ಎಡಮಗ್ಗುಲು ನಮ್ಮ ಬಾಗಿಲಿಗೆ ಎದುರಾಗುತ್ತದೆ. ಕೆಲವು ತಿಂಗಳಾದ ಮೇಲೆ ಒಂದು ಬೆಳಗ್ಗೆ ನಾನು ಮೆಟ್ಟಿಲ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದೆ. ಕಣ್ಣೆದುರಿಗಿದ್ದ ಮುಂದಿನ ಗಾಲಿಯಲ್ಲಿ ಮತ್ತೆ ಗುಳ್ಳೆ. ಹಿಂದಿನದರಲ್ಲೂ. ಇನ್ನು ಮನೆಯಲ್ಲಿ ಕುರುಕ್ಷೇತ್ರ ಶುರುವಾಯಿತು ಎಂದುಕೊಂಡು, ಆ ಕಡೆಯವು ಎಷ್ಟು ಹಾಳಾಗಿವೆಯೋ ನೋಡೋಣವೆಂದು ಕಾರಿನ ಸುತ್ತ ಹೋದೆ.

ಬಲಗಡೆಯ ಎರಡೂ ಗಾಲಿಗಳು ಅಂಗಡಿಯಿಂದ ಈಗ ತಾನೇ ತಂದಂತಿದ್ದವು.

ತಿರುಗಿ ಬಂದು ಎಡಗಡೆಯ ಗಾಲಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತೆ. ಗುಳ್ಳೆ ಎದ್ದಿದ್ದ ಕಡೆಯಲ್ಲೆಲ್ಲ ಅಂಚು ತರಚಿಹೋಗಿತ್ತು. ಬೆರಳಿಟ್ಟರೆ ಗರಗಸದ ಹಲ್ಲಿನಂತೆ ಕೈಗೆ ತಾಗಿತು. ಬಾಗಿಲಿನ ಕೆಳಗೂ ಕಪ್ಪು ಗೀರುಗಳು. ಹಾಗಾದರೆ ಮೊದಲ ಸಲ ನಾಲ್ಕೂ ಯಾಕೆ ಸುಲಿದವು? ಅದೂ ಹೊಳೆಯಿತು. ಟೈರು ಒಂದೇ ಸಮ ಸವೆಯಲಿ ಎಂದು ಟೈರಿನ ಅಂಗಡಿಯವರು ಆಗಾಗ ಎಡದ ಗಾಲಿ ಬಲಕ್ಕೆ, ಬಲದ್ದು ಎಡಕ್ಕೆ ಹಾಕಿಕೊಡುತ್ತಾರೆ. ಸರದಿಯ ಮೇಲೆ ಎಡಕ್ಕೆ ಬಂದದ್ದೆಲ್ಲ ಉಜ್ಜಿಸಿಕೊಂಡಿತ್ತು. ಹೊಸ ಬಣ್ಣ ಹೊಡೆಸಿದ ಮೇಲೆ ಇನ್ನೂ ಬದಲಿಸಿರಲಿಲ್ಲ, ಅಷ್ಟೇ.

ಸೊಪ್ಪಿನ ಮೊರ ಅಲ್ಲೇ ಬಿಟ್ಟು ಒಳಗೆ ಬಂದೆ. ಊಟಕ್ಕೆ ಕೂತಾಗ ಎಡಗಡೆ ಇಟ್ಟ ನೀರಿನ ಲೋಟಕ್ಕೆ ಕೈ ತಾಕಿಸಿ ಬೀಳಿಸುವುದು, ನಡುಮನೆಯ ಬಾಗಿಲಿಗೆ ಎಡಭುಜ ಹೊಡೆದುಕೊಳ್ಳುವುದು, ಎಡಗಡೆಯಿಂದ ಯಾರಾದರೂ ಹತ್ತಿರ ಬಂದರೆ ಬೆಚ್ಚುವುದು, ಇದೆಲ್ಲ ನಮ್ಮ ಮನೆಯಲ್ಲಿ ಎಷ್ಟೋ ದಿನದಿಂದ ನಡೆದಿತ್ತು. ವಯಸ್ಸಾಯಿತು ಎಂದು ನಾನೇ ಗೇಲಿ ಮಾಡುತ್ತಿದ್ದೆ.

ಮಧ್ಯಾಹ್ನ ಹೇಳಿದೆ. "ರೀ, ಎಡಗಡೆ ಗಾಲಿ ಮಾತ್ರ ಹಾಳಾಗಿದೆ. ನಿಮಗೆ ಆ ಕಡೆ ಕಾಣ್ತಾ ಇಲ್ಲ ಅನ್ಸತ್ತೆ. ಒಂದ್ಸಲ ಕಣ್ಣಿನ ಡಾಕ್ಟ್ರ ಹತ್ರ ಹೋಗ್ಬರೋಣ."

ಅವರು ತಟ್ಟೆ ಸರಿಸಿ ಎದ್ದರು. "ಸ್ಟೇರಿಂಗ್ ಹಿಡಿಯೋಕೆ ಬರಲ್ಲ, ನನಗೆ ಡ್ರೈವಿಂಗ್ ಹೇಳ್ಕೊಡೋಕ್ ಬರ್ತಾಳೆ!"

ಮಗಳು ಅಂಜನಾಪುರದಲ್ಲಿದ್ದಾಳೆ. ಅವಳಿಂದ ಫೋನು ಮಾಡಿಸಿದೆ. ನಿಮ್ಮಮ್ಮನಿಗೆ ಹೊತ್ತು ಹೋಗುತ್ತಿಲ್ಲ ಎಂದು ನಕ್ಕು ಫೋನಿಟ್ಟರು. ಕೀಲಿಕೈಯನ್ನು ಅಕ್ಕಿಯ ಡಬ್ಬಿಯಲ್ಲಿ ಬಚ್ಚಿಟ್ಟೆ. ಇನ್ನೊಂದು ಕೀಲಿ ಅವರ ಹತ್ತಿರವೇ ಇತ್ತು. ಜಗಳವಾಡಿದೆ, ಊಟ ಬಿಟ್ಟೆ, ಕಣ್ಣೀರು ಹಾಕಿದೆ. ಮೂವತ್ತು ವರ್ಷ ಜೊತೆಗೆ ಬಾಳಿದ ಗಂಡಸನ್ನು ಒಂದು ಕಾರಿನಿಂದ ಇಳಿಸುವುದು ನನ್ನ ಕೈಯಲ್ಲಾಗಲಿಲ್ಲ. ನನಗೆ ಬೇರೆ ದಾರಿ ತೋಚಲೂ ಇಲ್ಲ.

ಜಯನಗರದ ಮಾರುಕಟ್ಟೆಯ ಹತ್ತಿರ ಒಂದು ಶುಕ್ರವಾರ, ಇಬ್ಬರೂ ಕಾರಿನಲ್ಲಿ ಹೋಗುವಾಗ ನಾನು ಹೆದರಿದ್ದೇ ಆಯಿತು. ರಸ್ತೆಯ ಅಂಚಿನಲ್ಲಿ ಹೂವು ಮಾರುವ ಹೆಂಗಸು ಬುಟ್ಟಿಯನ್ನು ಸೊಂಟಕ್ಕೇರಿಸಿಕೊಂಡು ನಿಂತಿದ್ದಳು. ನಾನು ಅಯ್ಯೋ ಎನ್ನುವಷ್ಟರಲ್ಲಿ ನಮ್ಮ ಎಡಗಡೆಯ ಕನ್ನಡಿ ಬುಟ್ಟಿಗೆ ತಗುಲಿ, ಸೇವಂತಿಗೆಯೆಲ್ಲ ರಸ್ತೆಗೆ ಚೆಲ್ಲಿತು. ಅವಳು ಒಂದು ಹೆಜ್ಜೆ ಮುಂದಿದ್ದಿದ್ದರೆ ಬುಟ್ಟಿಯಲ್ಲ, ಅವಳೇ.

"ಅದೇನ್ ಸದ್ದು?" ಎಂದರು ಯಜಮಾನರು. ಗಾಡಿ ಮುಂದೆ ಹೋಗುತ್ತಲೇ ಇತ್ತು.

ನಿಲ್ಲಿಸಿ ಎಂದು ಕಿರುಚಿದೆ. ಇಳಿದು ಓಡಿ, ಅವಳ ಜೊತೆ ಕೂತು ಹೂವು ಆರಿಸಿದೆ. "ಕಣ್ ಕಾಣಲ್ವಾ ನಿಮ್ಮ ಯಜಮಾನ್ರಿಗೆ?" ಎಂದು ಬೈದಳು. ಈ ಊರಿನ ರಸ್ತೆಗಳಲ್ಲಿ ಎಲ್ಲರೂ ಎಲ್ಲರಿಗೂ ಬೈಯುವ ಬೈಗುಳ ಅದು. ತಪ್ಪಾಯ್ತಮ್ಮ, ತಪ್ಪಾಯ್ತಮ್ಮ ಎನ್ನುತ್ತಾ ಆರಿಸಿದ್ದನ್ನು ಬುಟ್ಟಿಗೆ ತುಂಬಿದೆ. ಯಜಮಾನರು ಕಾರಿನಿಂದ ಇಳಿಯಲಿಲ್ಲ. ಸ್ಟೇರಿಂಗ್ ಹಿಡಿದು ನೇರ ಮುಂದಕ್ಕೆ ನೋಡುತ್ತಾ ಕೂತಿದ್ದರು.

ಮಾರನೆಯ ದಿನ ಮತ್ತೆ ಕೀಲಿ ತೆಗೆದುಕೊಂಡು ಹೊರಟಾಗ ನಾನು ಚಪ್ಪಲಿ ಮೆಟ್ಟಿ ಹೋಗಿ ಎಡಗಡೆಯ ಸೀಟಿನಲ್ಲಿ ಕೂತೆ. ಅವರು ಯಾಕೆಂದು ಕೇಳಲಿಲ್ಲ. ಅಂದಿನಿಂದ ಅವರು ಹೋದಲ್ಲೆಲ್ಲ ನಾನು. ಹಾರ್ಡ್‌ವೇರ್ ಅಂಗಡಿಗೆ, ಕ್ಷೌರದ ಅಂಗಡಿಗೆ, ಸುಮ್ಮನೆ ಕಾಫಿ ಕುಡಿದು ಬರಲು. ಕ್ಷೌರ ಮುಗಿಯುವ ತನಕ ಕಾರಿನಲ್ಲೇ ಕೂತಿರುತ್ತಿದ್ದೆ. ದಾರಿಯುದ್ದಕ್ಕೂ ನನ್ನ ಬಾಯಿ ನಿಲ್ಲುತ್ತಿರಲಿಲ್ಲ. ಎಡಗಡೆ ಸ್ಕೂಟರ್ ಬರ್ತಿದೆ. ಎಡಗಡೆ ಚರಂಡಿ ಕಲ್ಲಿದೆ. ಸ್ವಲ್ಪ ಬಲಕ್ಕೆ ತಗೊಳ್ಳಿ. ಅವರು ಹೂಂ ಎನ್ನುತ್ತಿರಲಿಲ್ಲ, ಆದರೆ ಸ್ಟೇರಿಂಗ್ ತಿರುಗುತ್ತಿತ್ತು. ನೋಡಿದವರು, ವಯಸ್ಸಾದ ಮೇಲೆ ಗಂಡಹೆಂಡಿರು ಜೋಡಿಹಕ್ಕಿಗಳಾಗಿಬಿಟ್ಟಿದ್ದಾರೆ ಎಂದು ತಮಾಷೆ ಮಾಡಿದರು. ನಾನು ಮಾಡುತ್ತಿರುವುದು ತಪ್ಪು ಎಂದು ನನಗೆ ಗೊತ್ತಿತ್ತು. ನನ್ನ ಎರಡು ಕಣ್ಣುಗಳಿಂದ ಅವರ ಗಾಡಿ ನಡೆಯುವುದಿಲ್ಲ. ನಾನು ಹೇಳುವುದು ಒಂದು ಕ್ಷಣ ತಡವಾದರೆ ಯಾರದೋ ಮನೆಯ ಮಗು ಗಾಲಿಗೆ ಸಿಗುತ್ತದೆ. ಮನೆ ಸೇರಿ ಗಾಡಿ ನಿಂತ ಮೇಲೆ ಇಳಿದು ಎಡಗಡೆಯ ಗಾಲಿಗಳನ್ನು ಸವರಿ ನೋಡುತ್ತಿದ್ದೆ. ದೇವರಿಗೆ ಕೈಮುಗಿದು, ಮಾರನೆಯ ದಿನ ಮತ್ತೆ ಹೋಗಿ ಕೂರುತ್ತಿದ್ದೆ.

ಈ ಮಳೆಗಾಲದಲ್ಲಿ ನನಗೆ ಜ್ವರ ಬಂತು. ಅವತ್ತು ಅಂಜನಾಪುರಕ್ಕೆ ಹೋಗಬೇಕಿತ್ತು. ಮೊಮ್ಮಗಳ ಹುಟ್ಟುಹಬ್ಬ. ಎದ್ದು ಕೂತರೆ ತಲೆ ಸುತ್ತುತ್ತಿತ್ತು.

"ನೀನು ಮಲಗಿರು. ನಾನು ಹೋಗ್ಬರ್ತೀನಿ," ಎಂದು ಅವರು ಇಸ್ತ್ರಿ ಮಾಡಿದ ಶರಟು ಹಾಕಿಕೊಂಡು ಹೊರಟರು.

ಆಟೋದಲ್ಲಿ ಹೋಗಿ ಎಂದೆ. ಕಾರಿನ ಬಾಗಿಲು ಹಾಕಿದ ಸದ್ದು, ಇಂಜಿನ್ ಶುರುವಾದ ಸದ್ದು ಕೇಳಿಸಿತು. ಮಲಗಿದ್ದಲ್ಲೇ ಎಷ್ಟು ದೇವರುಗಳ ಹೆಸರು ನೆನೆದೆನೋ. ಗೇಟು ತೆರೆಯುವ ಸದ್ದಿಗೆ ಕಾದೆ. ಅದು ಕೇಳಲಿಲ್ಲ. ಇಂಜಿನ್ ಓಡುತ್ತಲೇ ಇತ್ತು. ಬಹಳ ಹೊತ್ತಾದ ಮೇಲೆ ನಿಂತಿತು. ಅವರು ಒಳಗೆ ಬಂದು ಮಂಚದ ಪಕ್ಕದ ಕುರ್ಚಿಯಲ್ಲಿ ಕೂತರು.

"ನಿನಗೆ ಹುಷಾರಾಗ್ಲಿ, ಹೋಗೋಣ," ಎಂದರು. ಆಮೇಲೆ, "ನಿನಗೆ ಯಾವತ್ತು ಗೊತ್ತಾಯ್ತು?" ಎಂದು ಕೇಳಿದರು.

"ಎರಡನೇ ಸಲ ಗಾಲಿ ಸುಲಿದಾಗ."

"ನನಗೆ ಮೊದಲ್ನೇ ಸಲ ಸುಲಿಯೋದಕ್ಕೂ ಮುಂಚೆ."

ಅವರೇ ಹೇಳುತ್ತಾ ಹೋದರು. ಒಬ್ಬರೇ ಹೋಗಿ ಡಾಕ್ಟರಿಗೆ ತೋರಿಸಿದ್ದರಂತೆ. ಕಣ್ಣಿನೊಳಗೆ ಪ್ರೆಷರ್ ಹೆಚ್ಚಾಗಿ ಎಡಗಣ್ಣಿನ ನರ ಹೋಗಿದೆ ಎಂದರಂತೆ. ಹೋದದ್ದು ಬರುವುದಿಲ್ಲ, ಉಳಿದದ್ದು ಉಳಿಯಬೇಕಾದರೆ ಬದುಕಿರುವ ತನಕ ಔಷಧಿ ಬಿಟ್ಟುಕೊಳ್ಳಬೇಕು.

"ಗಾಡಿ ಓಡಿಸಬಹುದಾ ಅಂತ ಕೇಳಿದ್ರಾ?"

"ಕೇಳ್ಲಿಲ್ಲ. ಬೇಡ ಅಂದುಬಿಟ್ರೆ?"

ಸಿಟ್ಟು ಬರಬೇಕಿತ್ತು, ಬಂತು ಕೂಡ. ಆ ಹೂವಿನವಳು ಸಾಯುತ್ತಿದ್ದಳಲ್ಲ, ಆ ಕಾರು ತೊಳೆಯುವವನನ್ನು ಬಿಡಿಸಿದಿರಲ್ಲ ಎಂದೆ. ಅವರು ತಲೆ ಬಗ್ಗಿಸಿದರು. "ಗಾಲಿ ಸುಲಿದಿದ್ದಕ್ಕೂ ಕಣ್ಣಿಗೂ ಸಂಬಂಧ ಇಲ್ಲ ಅಂದ್ಕೊಂಡಿದ್ದೆ ಕಣೆ. ಇಲ್ಲ ಅಂದ್ಕೋಬೇಕಾಗಿತ್ತು ನನಗೆ. ಗಾಲಿನಾದ್ರೂ ಸರಿ ಮಾಡ್ಸಬಹುದಿತ್ತಲ್ಲ." ಹಾಗೆಂದವರ ಮುಖ ನೋಡಿ ನನ್ನ ಸಿಟ್ಟು ಉಳಿಯಲಿಲ್ಲ. ಬೈಯಲು ಎದುರಿಗೆ ಒಬ್ಬ ಹಟಮಾರಿ ಇರುವ ತನಕ ಅದಕ್ಕೊಂದು ಆಸರೆಯಿತ್ತು. ಈಗ ಎದುರಿಗಿದ್ದವರು ಹೆದರಿದ ಮನುಷ್ಯ.

ಸಂಜೆ ಅವರು ಕಾರಿನ ಹತ್ತಿರ ಹೋಗಿ, ಡ್ಯಾಶ್‌ಬೋರ್ಡಿನೊಳಗೆ ಇಟ್ಟುಕೊಂಡಿದ್ದ ಪುಟ್ಟ ಬಾಟಲಿ ತಂದರು. ಇಷ್ಟು ದಿನ ಗಾಡಿ ಒರೆಸುವ ನೆಪದಲ್ಲಿ ಅಲ್ಲೇ ಕೂತು, ಕನ್ನಡಿ ನೋಡಿಕೊಂಡು ಹಾಕಿಕೊಳ್ಳುತ್ತಿದ್ದರಂತೆ. "ಅರ್ಧ ಕೆನ್ನೆ ಮೇಲೇ ಹೋಗತ್ತೆ. ನೀನೇ ಹಾಕು," ಎಂದು ಕುರ್ಚಿಗೆ ಒರಗಿ ಮುಖ ಮೇಲೆತ್ತಿದರು.

ಎಡಗಣ್ಣಿನ ರೆಪ್ಪೆ ಬಿಡಿಸಿ ಹಿಡಿದು ಒಂದು ಹನಿ ಬಿಟ್ಟೆ. ಆ ಕಣ್ಣು ನೋಡುವುದಕ್ಕೆ ಇನ್ನೊಂದರ ಹಾಗೆಯೇ ಇತ್ತು.

"ಈ ಕಣ್ಣಲ್ಲಿ ನಾನು ಕಾಣ್ತೀನಾ?" ಎಂದು ಕೇಳಿದೆ.

ಅವರು ಅಂಗೈಯಿಂದ ಬಲಗಣ್ಣು ಮುಚ್ಚಿಕೊಂಡು ನನ್ನ ಕಡೆ ತಿರುಗಿದರು. "ಯಾರೋ ನಿಂತಿರೋದು ಗೊತ್ತಾಗತ್ತೆ," ಎಂದರು. "ಮುಖ ಕಾಣಲ್ಲ."

ಕಣ್ಣು ಮುಚ್ಕೊಳ್ಳಿ, ಔಷಧಿ ಹೊರಗೆ ಬರತ್ತೆ, ಎಂದೆ.