ನಳಿನಾಕ್ಷಿ ತೊಳೆದ ದೀಪ

ಜರ್ಸಿ ಸಿಟಿಯ ಹಳಬರು ನಾಲ್ಕು ಜನ ಸೇರಿದರೆ ಈಗಲೂ ನಳಿನಾಕ್ಷಿಯ ಹುಣಸೆಹಣ್ಣಿನ ಮಾತು ಬಂದೇ ಬರುತ್ತದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ, ಅವಳೂ ನಗುತ್ತಾಳೆ. ನಗಲಿ ಬಿಡಿ. ಅವರಿಗೆ ಗೊತ್ತಿರುವುದು ಅರ್ಧ ಕಥೆ.

ಅದು ಎಂಬತ್ನಾಲ್ಕನೇ ಇಸವಿ. ಗಂಡ ಜಯರಾಮು ಟೆಲಿಫೋನ್ ಕಂಪನಿಯೊಂದರಲ್ಲಿ ಇಂಜಿನಿಯರು, ಮಗಳು ರಾಜಿ ಆಗತಾನೇ ಸ್ಕೂಲಿಗೆ ಸೇರಿದ್ದಳು. ದೊಡ್ಡಬಳ್ಳಾಪುರದ ನೇಕಾರರ ಮನೆಯಲ್ಲಿ ಹುಟ್ಟಿ ಬಿ.ಎ. ಮಾಡಿದ್ದ ನಳಿನಾಕ್ಷಿಗೆ ಐದು ವರ್ಷದಿಂದ ಜರ್ನಲ್ ಸ್ಕ್ವೇರಿನ ಅಪಾರ್ಟ್‌ಮೆಂಟಿನ ಕಿಟಕಿಯೇ ಪ್ರಪಂಚ. ಒಂದು ದಿನ ಲೈಬ್ರರಿಯ ಬೋರ್ಡಿನಲ್ಲಿ ಚೀಟಿಯೊಂದು ಕಂಡಿತು. ಮ್ಯಾನ್‌ಹಟನ್ನಿನ ಯೂನಿವರ್ಸಿಟಿಯೊಂದಕ್ಕೆ ಹಳೆಯ ಮಡಕೆಚೂರು ತೊಳೆಯಲು ತಾಳ್ಮೆಯಿರುವವರು ಬೇಕಾಗಿದ್ದಾರಂತೆ. ಮಾರನೆಯ ದಿನವೇ ಪಾತ್ ಟ್ರೇನ್ ಹತ್ತಿ ಹೋಗಿ ಕೆಲಸ ಗಿಟ್ಟಿಸಿಕೊಂಡು ಬಂದಳು.

"ಊರಲ್ಲಿ ಪಾತ್ರೆ ತೊಳೆಯೋದು ತಪ್ಪಿಸ್ಕೊಂಡು ಬಂದು, ಇಲ್ಲಿ ಸಾವಿರದ ಏಳುನೂರು ವರ್ಷದ ಮುಸುರೆ ತೊಳೀತೀಯೇನೇ?" ಎಂದು ಪಕ್ಕದ ಬಿಲ್ಡಿಂಗಿನ ಗೆಳತಿ ನಿರುಪಮಾ ಛೇಡಿಸಿದಳು. ನಳಿನಾಕ್ಷಿ ತಲೆ ಕೆಡಿಸಿಕೊಳ್ಳಲಿಲ್ಲ. ಕೆಲಸಕ್ಕೆ ಸೇರಿದ ಮೊದಲ ವಾರವೇ ನೆಲಮಾಳಿಗೆಯ ಕೋಣೆಯ ಬೀಗದಕೈ ಒಂದನ್ನು ಅವಳಿಗೆ ಕೊಟ್ಟಿದ್ದರು. ಅಮೆರಿಕದಲ್ಲಿ ಮನೆ ಬಿಟ್ಟು ಬೇರೆ ಯಾವ ಬಾಗಿಲಿನ ಬೀಗದಕೈಯೂ ಅವಳ ಬಳಿ ಇರಲಿಲ್ಲ. ಅದನ್ನು ತಾಳಿಯ ಸರಕ್ಕೇ ಸಿಕ್ಕಿಸಿಕೊಂಡು ಓಡಾಡಿದಳು.

ಅಲ್ಲಿನ ಯಜಮಾನಿ ಪ್ರೊಫೆಸರ್ ವಿಟ್‌ಲಾಕ್, ಒಣಕಲು ಮೈಯ, ಮೃದು ದನಿಯ ಹೆಂಗಸು. ಜೋರ್ಡಾನ್ ದೇಶದ ಮರಳುಗಾಡಿನ ಅಂಚಿನಲ್ಲಿ ರೋಮನ್ನರ ಕೋಟೆಯೊಂದು ಹೂತುಹೋಗಿತ್ತು. ಆಕೆ ಪ್ರತಿ ಬೇಸಿಗೆಯಲ್ಲೂ ಹೋಗಿ ಅದನ್ನು ಅಗೆಸುತ್ತಿದ್ದರು. ಕೋಟೆಯ ಬಾಗಿಲಿನ ಮುಂದೆಯೇ ಕಲ್ಲು ಹಾಸಿದ ರಸ್ತೆ. ಅಲ್ಲಿ ಸಿಕ್ಕ ಚೂರುಪಾರು ಅಧ್ಯಯನಕ್ಕೆಂದು ಎರವಲಾಗಿ ಈ ನೆಲಮಾಳಿಗೆಗೆ ಬರುತ್ತಿತ್ತು, ಕೆಲವು ಚೀಲಗಳ ಮೇಲೆ 'ಕೋಟೆ', ಕೆಲವುಗಳ ಮೇಲೆ 'ರಸ್ತೆ' ಎಂದು ಬರೆಸಿಕೊಂಡು. ಪ್ರೊಫೆಸರ್ ನಾಲಿಗೆಗೆ 'ನಳಿನಾಕ್ಷಿ' ಎಂಬ ಹೆಸರು ತಿರುಗಲಿಲ್ಲ, 'ನಲ್ಲಿ' ಎಂದು ಮೊಟಕು ಮಾಡಿಕೊಂಡರು. ಇಡೀ ದಿನ ನೀರಿನ ಮುಂದೆ ನಿಲ್ಲುವವಳಿಗೆ ಒಪ್ಪುವ ಹೆಸರೇ ಎಂದು ಜಯರಾಮು ವಾರವಿಡೀ ನಕ್ಕಿದ್ದ.

ಅವಳಿಗೆ ರಸ್ತೆಯ ಚೀಲಗಳೆಂದರೆ ಪ್ರಾಣ. ಕೋಟೆಯದ್ದರಲ್ಲಿ ಎಲ್ಲ ಒಂದೇ ಥರದ ಸಿಪಾಯಿ ಮಡಕೆ. ರಸ್ತೆಯದ್ದರಲ್ಲಿ ಚಪ್ಪಲಿಯ ಮೊಳೆ, ನೀಲಿ ಮಣಿ, ಯಾರೋ ಬೀಳಿಸಿಕೊಂಡ ಬಳೆ. ಟೂತ್‌ಬ್ರಷ್ಷಿನಲ್ಲಿ ಅವನ್ನು ಉಜ್ಜುವಾಗೆಲ್ಲ ಅವಳಿಗೆ ತನ್ನ ಬೀದಿ ನೆನಪಾಗುತ್ತಿತ್ತು. ಬೆಳಗಾಗುತ್ತಲೇ ಆ ಬೀದಿಯುದ್ದಕ್ಕೂ ನೂಲಿನ ಹಾಸು ಎಳೆದು ಗಂಜಿ ಹಚ್ಚುತ್ತಿದ್ದರು. ಸೈಕಲ್ಲಿನವರು ಇಳಿದು, ನೂಲಿಗೆ ತಾಗದಂತೆ ಗೋಡೆಗೆ ಒರಗಿಕೊಂಡು ದಾಟಬೇಕಿತ್ತು. ಅಪ್ಪ ನಂಜುಂಡಸ್ವಾಮಿ ಯಾವ ಬಟ್ಟೆ ಕಂಡರೂ ಮಗಳ ಕೈಗೆ ಕೊಟ್ಟು, "ಬೆರಳಗಲಕ್ಕೆ ಎಷ್ಟು ಎಳೆ ಹೇಳು" ಎನ್ನುತ್ತಿದ್ದರು. ತಪ್ಪು ಹೇಳಿದರೆ ತಲೆಗೊಂದು ಮೊಟಕು. 'ಗೊತ್ತಾಗಲಿಲ್ಲ' ಅಂದರೆ ಮಾತ್ರ ಮೊಟಕು ಇಲ್ಲ. ಆ ಬೀದಿ ಈಗ ಹಾಗಿಲ್ಲ, ಅಪ್ಪನೂ ಇಲ್ಲ.

ಎಂಬತ್ತಾರರ ಶರತ್ಕಾಲದಲ್ಲಿ ರಸ್ತೆಯ ಪೆಟ್ಟಿಗೆಯೊಂದರಲ್ಲಿ ಕಂಚಿನ ದೀಪ ಬಂತು. ಅಂಗೈಯಷ್ಟಗಲ, ಹಿಂದೊಂದು ಹಿಡಿ, ಮೈತುಂಬ ಹಸಿರು ಕಿಲುಬು. "ಸೋಮವಾರ ಫೋಟೊ ತೆಗೆಯುವವರು ಬರುತ್ತಾರೆ. ಅಷ್ಟರಲ್ಲಿ ಇದನ್ನು ಕ್ಲೀನ್ ಮಾಡಿಡು, ನಲ್ಲಿ" ಎಂದು ಹೇಳಿ ಪ್ರೊಫೆಸರ್ ಬಾಸ್ಟನ್ನಿಗೆ ಹೊರಟುಹೋದರು. ಒಣ ಕುಂಚದಲ್ಲಿ ಮಣ್ಣು ಕೊಡವಿಡು ಎಂಬುದಷ್ಟೇ ಅವರ ಅರ್ಥ. ಆದರೆ ಅಲ್ಲಿಯವರೆಗೆ ನಳಿನಾಕ್ಷಿಯ ಕೈಗೆ ಕಂಚಿನ ಸಾಮಾನು ಬಂದೇ ಇರಲಿಲ್ಲ. ದೀಪವನ್ನು ಕ್ಲೀನ್ ಮಾಡುವುದೆಂದರೆ ಏನೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಶುಕ್ರವಾರ ಬೆಳಗ್ಗೆ ಡಬ್ಬಿಯಲ್ಲಿ ಹುಣಸೆಹಣ್ಣು, ಕಲ್ಲುಪ್ಪು, ತೆಂಗಿನಕಾಯಿಯ ಜುಟ್ಟು ತಂದಳು. ಕಿಲುಬಿನ ಮೇಲೆ ಬಟ್ಟೆಯ ಅಚ್ಚು ಮೂಡಿತ್ತು. ಅಯ್ಯೋ, ಯಾರೋ ಒದ್ದೆಬಟ್ಟೆಯಲ್ಲಿ ಸುತ್ತಿಟ್ಟುಬಿಟ್ಟಿದ್ದಾರೆ ಎಂದು ಮರುಗಿದಳು. ಊರಲ್ಲಿ ಅಮ್ಮನ ಅಟ್ಟದ ಮೇಲಿನ ಹಿತ್ತಾಳೆಗೂ ಹಾಗೆಯೇ ಕಲೆ ಬೀಳುತ್ತಿತ್ತು. ಅಭ್ಯಾಸಬಲ, ಎಳೆಗಳನ್ನೂ ಎಣಿಸಿಕೊಂಡಳು. ಆಮೇಲೆ ಹುಣಸೆಹುಳಿಯಲ್ಲಿ ನೆನೆಹಾಕಿ, ಮಧ್ಯಾಹ್ನದಿಂದ ಸಂಜೆವರೆಗೆ ತಿಕ್ಕಿದಳು. ದೀಪ ಬಂಗಾರದ ಹಾಗೆ ಹೊಳೆಯಿತು. ಶುಕ್ರವಾರ ದೀಪ ಬೆಳಗಿದೆನಲ್ಲ ಎಂದು ಹಿಗ್ಗಿ ಮನೆಗೆ ಹೋದಳು, ಪಾಪ.

ಸೋಮವಾರ ಪ್ರೊಫೆಸರ್ ದೀಪವಿಟ್ಟಿದ್ದ ತಟ್ಟೆಯ ಮೇಲಿನ ಬಟ್ಟೆ ಸರಿಸಿದವರು ಹಾಗೆಯೇ ಸ್ಟೂಲಿನ ಮೇಲೆ ಕೂತುಬಿಟ್ಟರು. ಬೈದಿದ್ದರೆ ವಾಸಿಯಿತ್ತು. ಮೆಲ್ಲಗೆ ಬಿಡಿಸಿ ಹೇಳಿದರು. ಈ ದೀಪ ಸಿಕ್ಕಿದ್ದು ರಸ್ತೆಯಂಚಿನ ಚಪ್ಪಡಿಯೊಂದರ ಕೆಳಗೆ. ಕೋಟೆ ಬಿಟ್ಟು ಹೋದವರು ಮತ್ತೆ ಬರುವ ಆಸೆ ಇಟ್ಟುಕೊಂಡಿದ್ದರೇ, ಇಲ್ಲವೇ ಎಂಬುದು ಅವರ ಹತ್ತು ವರ್ಷದ ಪ್ರಶ್ನೆ. ಬಟ್ಟೆಯಲ್ಲಿ ಸುತ್ತಿ ಜೋಪಾನವಾಗಿ ಹೂತಿಟ್ಟಿದ್ದರೆ, ವಾಪಸು ಬರುತ್ತೇನೆಂದೇ ಇಟ್ಟ ಹಾಗೆ. ಬಟ್ಟೆ ಕೊಳೆತುಹೋಗಿದ್ದರೂ ಅದರ ನೇಯ್ಗೆ ಕಿಲುಬಿನಲ್ಲಿ ಉಳಿದಿತ್ತು. ಇದ್ದ ಸಾಕ್ಷಿ ಅದೊಂದೇ. ಅದನ್ನು ಹತ್ತಿರದಿಂದ ಫೋಟೊ ತೆಗೆಯುವುದು ಇವತ್ತಿನ ಕೆಲಸವಾಗಿತ್ತು.

ನಳಿನಾಕ್ಷಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಸರದಿಂದ ಬೀಗದಕೈ ಬಿಚ್ಚಿ ಮೇಜಿನ ಮೇಲಿಟ್ಟಳು. ಬಾಗಿಲವರೆಗೆ ಹೋದವಳು ನಿಂತು, ತಿರುಗಿ ಹೇಳಿದಳು: "ಪ್ರೊಫೆಸರ್, ನಾನು ಎಳೆ ಎಣಿಸಿದ್ದೆ."

ಪ್ರೊಫೆಸರ್ ಚೌಕಳಿ ಕಾಗದ ತಂದಿಟ್ಟರು. ನಳಿನಾಕ್ಷಿ ಕಣ್ಣು ಮುಚ್ಚುತ್ತ, ತೆರೆಯುತ್ತ ಬರೆದಳು. ಬೆರಳಗಲಕ್ಕೆ ಉದ್ದದ ಹಾಸಿನಲ್ಲಿ ಹದಿನೆಂಟು ಎಳೆ, ಅಡ್ಡದ ಹೊಕ್ಕಿನಲ್ಲಿ ಹದಿನಾಲ್ಕು. ಒಂಬತ್ತನೆಯ ಹೊಕ್ಕು ತುಂಡಾಗಿ ಗಂಟು ಬಿದ್ದಿದೆ. ಆ ಗಂಟು ಅವಳಿಗೆ ಚೆನ್ನಾಗಿ ನೆನಪಿತ್ತು, ಅಂಥ ಗಂಟು ಕಂಡರೆ ಅಪ್ಪ ಮಗ್ಗದವನನ್ನು ಕೂಗಿ ಬೈಯುತ್ತಿದ್ದರು. ಗಂಟು ನೋಡುತ್ತಿದ್ದ ಹಾಗೆ ಪ್ರೊಫೆಸರ್ ಮುಖಕ್ಕೆ ಕಳೆ ಬಂತು. ಇದು ಕಟ್ಟುಕಥೆಯಲ್ಲ ಎಂದು ಅವರಿಗೆ ಖಾತ್ರಿಯಾಗಿತ್ತು.

"ಹಿಡಿಯ ಕೆಳಗೆ?" ಎಂದು ಮುಂದಕ್ಕೆ ಬಾಗಿದರು. "ಅಲ್ಲಿ ಬಟ್ಟೆಯ ಅಂಚು ಇತ್ತಲ್ಲವೇ? ಅಂಚಿದ್ದರೆ ಅದು ಚಿಂದಿಯಲ್ಲ, ಇದಕ್ಕೆಂದೇ ಆರಿಸಿದ ಒಳ್ಳೆಯ ಬಟ್ಟೆ. ಇತ್ತು, ಅಲ್ಲವೇ ನಲ್ಲಿ?"

ಅವರ ಕಣ್ಣಲ್ಲಿ ಎಷ್ಟು ಆಸೆಯಿತ್ತೆಂದರೆ, ಹೂಂ ಅಂದುಬಿಡೋಣ ಎಂದು ನಳಿನಾಕ್ಷಿಯ ನಾಲಿಗೆಯ ತುದಿಯವರೆಗೆ ಬಂದಿತ್ತು. ಅಂಚು ಹೇಗಿರುತ್ತದೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಆ ಊರಿನಲ್ಲಿ ಯಾರಿದ್ದರು? ನಾಲ್ಕು ಗೆರೆ ಎಳೆದರೆ ಮುಗಿಯಿತು, ಕೆಲಸವೂ ಉಳಿಯುತ್ತದೆ, ಪ್ರೊಫೆಸರ್ ಪ್ರಶ್ನೆಯೂ ಬಗೆಹರಿಯುತ್ತದೆ. ಕೇಳುವವರು ಯಾರೂ ಇಲ್ಲ, ತೊಳೆದ ದೀಪ ಬಾಯಿ ಬಿಡುವುದಿಲ್ಲ. ಬೀಗದಕೈ ಮೇಜಿನ ಮೇಲೆ ಕೈಗೆ ಎಟುಕುವಷ್ಟು ದೂರದಲ್ಲೇ ಇತ್ತು.

"ಗೊತ್ತಿಲ್ಲ" ಎಂದಳು. "ಅಲ್ಲಿ ನಾನು ನೋಡಲಿಲ್ಲ."

ಪ್ರೊಫೆಸರ್ ಎದ್ದು ಗೋಡೆಯ ಕಡೆ ತಿರುಗಿ ನಿಂತರು, ಮೂಗು ಒರೆಸಿಕೊಂಡರು. ವಾಪಸು ಬಂದು, "ಹಾಗಾದರೆ ಆ ಜಾಗ ಖಾಲಿ ಬಿಡು" ಎಂದು ಬೀಗದಕೈಯನ್ನು ಅವಳ ಕಡೆಗೆ ತಳ್ಳಿದರು. ನಳಿನಾಕ್ಷಿ ಅವತ್ತು ಅತ್ತಷ್ಟು ಅಮೆರಿಕಕ್ಕೆ ಬಂದ ದಿನವೂ ಅತ್ತಿರಲಿಲ್ಲ. ಹುಣಸೆಹಣ್ಣಿನ ಸುದ್ದಿ ನಿರುಪಮಾಳ ಬಾಯಿಂದ ಇಡೀ ಜರ್ಸಿಗೆ ಹಬ್ಬಿತು. ಈ ಉಳಿದರ್ಧವನ್ನು ನಳಿನಾಕ್ಷಿ ಯಾರಿಗೂ, ಗಂಡನಿಗೂ ಹೇಳಲಿಲ್ಲ.

ತೊಂಬತ್ತೊಂದರಲ್ಲಿ ಕೋಟೆ ಮತ್ತು ರಸ್ತೆಯ ವರದಿ ಅಚ್ಚಾಗಿ ಬಂತು, ಇಟ್ಟಿಗೆಯಷ್ಟು ದಪ್ಪ. ಇನ್ನೂರ ಹದಿನಾಲ್ಕನೇ ಪುಟದಲ್ಲಿ ದೀಪದ ಚಿತ್ರ, ಮೈಮೇಲೆ ಎಳೆ ಎಳೆಯಾಗಿ ನೇಯ್ಗೆ, ಕೆಳಗೆ ಪುಟ್ಟ ಅಕ್ಷರದಲ್ಲಿ 'ನೆನಪಿನಿಂದ ಬರೆದದ್ದು: ನಳಿನಾಕ್ಷಿ ಜಯರಾಮು'. ಮೊಟಕಿಲ್ಲದ ಪೂರ್ತಿ ಹೆಸರು. ದೀಪವನ್ನು ಹೂತವರು ವಾಪಸು ಬರುವ ಆಸೆ ಇಟ್ಟುಕೊಂಡಿದ್ದರೇ ಎಂಬುದಕ್ಕೆ ಪ್ರೊಫೆಸರ್ 'ಇದ್ದಿರಬಹುದು' ಎಂದಷ್ಟೇ ಬರೆದಿದ್ದರು.

ಜಯರಾಮು ಕನ್ನಡಕ ಏರಿಸಿಕೊಂಡು ಪುಟದ ಮೇಲೆ ಬಗ್ಗಿದ. "ಅಲ್ವೇ, ಇಷ್ಟೊಂದು ಗೆರೆಯಲ್ಲಿ ನಿನಗೆ ಕಷ್ಟವಾಗಿದ್ದು ಯಾವುದೇ?"

ನಳಿನಾಕ್ಷಿಯ ಬೆರಳು ಹಾಸು ದಾಟಿತು, ಹೊಕ್ಕು ದಾಟಿತು, ಗಂಟಿನ ಬಳಿಯೂ ನಿಲ್ಲಲಿಲ್ಲ. ಹಿಡಿಯ ಕೆಳಗೆ ಏನೂ ಬರೆಯದೆ ಬಿಟ್ಟ ಬಿಳಿ ಜಾಗದ ಮೇಲೆ ಹೋಗಿ ನಿಂತಿತು.

"ಇದು ರೀ" ಎಂದಳು.