ಬಿಳಿ ಆರರಿಂದ ನಾಲ್ಕು ಮನೆ

೧೯೪೧ರ ನನ್ನ ದಿನಚರಿಯಲ್ಲಿ ಜನವರಿ ೬ರಿಂದ ೧೮ರವರೆಗಿನ ಪುಟಗಳ ತುಂಬ ಗೀಟುಗಳಿವೆ. ಹಾರ್ಮೋನಿಯಂ ಪೇಟಿಯ ಮೇಲೆ ನಾಲ್ಕು ಸ್ವರದ ಮನೆಗಳನ್ನು ಒಟ್ಟಿಗೆ ಒತ್ತಿದಾಗಲೆಲ್ಲ ಒಂದು ಗೀಟು ಹಾಕಿದ್ದೆ.

ಆಗ ನಾನು ಯಲಬುರ್ಗಾದಲ್ಲಿ ಶಾಲೆಯ ಮಾಸ್ತರ. ಊರವರ ನಾಟಕಕ್ಕೆ ಪೇಟಿ ಬಾರಿಸುವವನೂ ನಾನೇ. ರಾಣಿಯ ಪಾತ್ರ ಅರಿವೆ ಅಂಗಡಿಯ ಸಾಹುಕಾರರದು. ಗದಗಿನಲ್ಲಿ ಯಾವುದೋ ಗ್ರಾಮೊಫೋನ್ ತಟ್ಟೆ ಕೇಳಿ ಬಂದಿದ್ದರು. ಅದರಲ್ಲಿ ಹಾಡಿನ ಹಿಂದೆ ನಾಲ್ಕು ಸ್ವರ ಕೂಡಿ ಬರುವ ಸಪ್ಪಳ ತಮ್ಮ ಹಾಡಿಗೂ ಬೇಕೆಂದರು.

“ಹದಿನೆಂಟರೊಳಗ ಬರಲಿಲ್ಲಂದ್ರ ಗದಗಿನ ಪೇಟಿ ಮಾಸ್ತರಿಗೆ ಕಾಗದ ಬರೀತೀನ್ರಿ. ಬ್ಯಾಸರ ಮಾಡ್ಕೋಬ್ಯಾಡ್ರಿ.”

ಬೇಸರಕ್ಕಿಂತ ಹೆದರಿಕೆಯಾಯಿತು. ಎರಡು ವರ್ಷದಿಂದ ಆ ಜಾಗದಲ್ಲಿ ಕೂತವನು ನಾನು.

ಕೊಪ್ಪಳ ಸ್ಟೇಷನ್ನಿನಲ್ಲಿ ತಾರು ಕಳಿಸುವ ಗೋವಾದ ಬಾಬು ಒಬ್ಬರಿದ್ದರು. ಸಾಹುಕಾರರು ಗುನುಗಿದ್ದನ್ನು ಅವರ ಮುಂದೆ ಗುನುಗಿದೆ. ಅದು ಮೈನರ್ ಸೆವೆಂತ್ ಎಂಬ ನಾಲ್ಕು ಸ್ವರಗಳ ಕೂಟ ಇರಬೇಕೆಂದು ತಮ್ಮ ಇಂಗ್ಲಿಷ್ ಪುಸ್ತಕದ ಪುಟ ಮಡಿಸಿ ಕೊಟ್ಟರು. ಅಲ್ಲಿ ಎ, ಸಿ, ಇ, ಜಿ ಎಂದಿತ್ತು. ಎ ಮೊದಲನೆಯ ಅಕ್ಷರ, ಹಾಗಾದರೆ ಅದು ಬಿಳಿ ಒಂದು, ಅಂದರೆ ನಾವು ಎಣಿಸುವ ಬಿಳಿ ಮನೆಗಳಲ್ಲಿ ಮೊದಲನೆಯದು. ಒಂದು, ಮೂರು, ಐದು, ಏಳು ಒತ್ತಿದೆ. ಅನ್ನದಲ್ಲಿ ಹರಳು ಸಿಕ್ಕಂತಾಯಿತು. ಆರು ದಿನಕ್ಕೆ ಐವತ್ತೆಂಟು ಗೀಟು, ಪ್ರತಿ ಸಲವೂ ಅದೇ ಹರಳು. ಕಪ್ಪು ಬಿಳಿ ಎರಡನ್ನೂ ಎಣಿಸಿದರೆ ಮನೆಯಿಂದ ಮನೆಗೆ ದೂರ ಮೂರು, ನಾಲ್ಕು, ಮೂರು ಎಂದು ಪುಸ್ತಕ ಹೇಳುತ್ತಿತ್ತು. ನನ್ನದು ನಾಲ್ಕು, ಮೂರು, ನಾಲ್ಕು ಆಗುತ್ತಿತ್ತು. ಅಚ್ಚಿನ ತಪ್ಪೆಂದುಕೊಂಡೆ.

ಭಾನುವಾರ, ೧೨ರಂದು, ಬಸ್ಸಿನಲ್ಲಿ ಮತ್ತೆ ಕೊಪ್ಪಳಕ್ಕೆ ಹೋದೆ. ಬಾಬು ನಕ್ಕು, ಅವರ ಎ ಅಂದರೆ ನಮ್ಮ ಬಿಳಿ ಆರು, ನಮ್ಮ ಬಿಳಿ ಒಂದು ಅವರಿಗೆ ಸಿ ಎಂದರು. ಎಣಿಕೆ ಮೂರನೆಯ ಅಕ್ಷರದಿಂದ ಯಾಕೆ ಶುರುವಾಗುತ್ತದೆ ಎಂದು ಕೇಳಿದೆ. ತಮಗೂ ಹಾಗೇ ಕಲಿಸಿದ್ದಾರೆ ಎಂದರು.

ಬಿಳಿ ಆರು, ಅದರ ಮೇಲಿನ ಒಂದು, ಮೂರು, ಐದು. ಎಣಿಕೆ ಕೂಡಿತು, ಹರಳೂ ಹೋಯಿತು. ಸಾಹುಕಾರರು ಹೆಣ್ಣು ದನಿಯಲ್ಲಿ ಹಾಡುತ್ತಿದ್ದುದೂ ಬಿಳಿ ಆರನ್ನೇ ಸಾ, ಅಂದರೆ ಆಧಾರ ಸ್ವರ, ಮಾಡಿಕೊಂಡು. ಗೆದ್ದೆ ಅಂದುಕೊಂಡೆ.

೧೮ರ ಮಧ್ಯಾಹ್ನದ ತಾಲೀಮಿನಲ್ಲಿ ನಾಲ್ಕನ್ನೂ ಒತ್ತಿ ಹಿಡಿದೆ. ಸಾಹುಕಾರರು ಬಿಳಿ ಒಂದನ್ನು ಸಾ ಮಾಡಿಕೊಂಡು ಹಾಡತೊಡಗಿದರು. ನಿಲ್ಲಿಸಿ ಮತ್ತೆ ಶುರು ಮಾಡಿದೆವು. ಮೂರು ಸಲವೂ ಹಾಗೇ ಆಯಿತು.

“ಸಾ ಬದಲ್ ಮಾಡೀರೇನ್ರಿ ಮಾಸ್ತರ?”

“ಇಲ್ರಿ ಸಾಹುಕಾರ್ರ, ಬೆರಳು ಅಲ್ಲೇ ಅದಾವ ನೋಡ್ರಿ.”

ಅವರು ನೀರು ಕುಡಿಯಲು ಹೋದಾಗ ಕೆಳಗಿನ ಬಿಳಿ ಆರನ್ನು ಬಿಟ್ಟು ಮೇಲಿನ ಮೂರನ್ನೇ ಒತ್ತಿದೆ. ಬಿಳಿ ಒಂದೇ ಸಾ ಎನ್ನುವಂತೆ ಸಂತೋಷವಾಗಿ ಕೇಳಿತು. ಆರನ್ನು ಸೇರಿಸಿದರೆ ದುಃಖ. ಅಥವಾ ಆ ಸಂತೋಷಕ್ಕೇ ನೆರಳು ಬಿದ್ದಂತೆ. ನಾಲ್ಕನ್ನೂ ಇಪ್ಪತ್ತು ಸಲ ಒತ್ತಿ, ಕೇಳಿಸಿದ್ದನ್ನು ಬರೆದುಕೊಂಡೆ: ದುಃಖ ಹನ್ನೊಂದು, ಸಂತೋಷ ಒಂಬತ್ತು. ಒತ್ತಿದ ಮನೆಗಳು ಅವೇ, ಬೆರಳೂ ಅವೇ.

ಸಾಹುಕಾರರು ಬಂದ ಮೇಲೆ ಮೊದಲು ಬಿಳಿ ಆರನ್ನೊಂದೇ ಹಿಡಿದೆ. ಅವರು ಸಾ ಹಿಡಿದು ಸಾಲು ಮುಗಿಸಿದ ಮೇಲೆ ಉಳಿದ ಮೂರನ್ನು ಸೇರಿಸಿದೆ. ಕಣ್ಣು ಮುಚ್ಚಿ ಕೇಳಿದರು.

“ಸಪ್ಪಳ ಇದ ನೋಡ್ರಿ. ಆದ್ರ ನಾ ಹಾಡೂ ಮುಂದ ಒತ್ತಬ್ಯಾಡ್ರಿ, ಎಲ್ಲಿ ನಿಂತೀನಿ ತಿಳೀವಲ್ದು. ಉಸಿರು ತೊಗೊಳ್ಳೂ ಮುಂದ ಒತ್ರಿ. ಗದಗಿಗೆ ಬರಿಯೂದಿಲ್ಲ.”

ಆ ಹಾಡಿನಲ್ಲಿ ಅವರು ಉಸಿರು ತೆಗೆದುಕೊಳ್ಳುವುದು ಏಳು ಕಡೆ. ಏಳನ್ನೂ ಗುರುತು ಮಾಡಿಕೊಂಡೆ. ಅಲ್ಲಿ ಬರುವುದು ದುಃಖವೋ ಸಂತೋಷವೋ ಎಂಬುದನ್ನು ಬರೆಯಲು ದಿನಚರಿಯಲ್ಲಿ ಬಿಟ್ಟ ಜಾಗ ಈಗಲೂ ಖಾಲಿಯಿದೆ.