ಮೊದಲ ದಿನ ಮೆಲ್ಲಗೆ ಓಡಿದ್ದು

ನನಗೆ ಬುದ್ಧಿ ಬೆಳವಣಿಗೆ ಕಡಿಮೆ ಎಂದು ಡಾಕ್ಟರು ಸರ್ಟಿಫಿಕೇಟಿನಲ್ಲಿ ಬರೆದಿದ್ದಾರೆ. ಇರಲಿ. ಕಾಲಿಗೇನೂ ಕಡಿಮೆಯಿಲ್ಲ. ಗುಬ್ಬಿಯಿಂದ ದಿನಾ ಬಸ್ಸಿನಲ್ಲಿ ತುಮಕೂರಿಗೆ ಹೋಗಿ, ನಮ್ಮಂಥವರ ಶಾಲೆಯ ಮೇಡಂ ಹತ್ತಿರ ನೂರು ಮೀಟರ್ ಓಟ ಕಲಿತೆ. "ಪಾಪ" ಎನ್ನುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಓಡುವಾಗ ಮಾತ್ರ ಯಾರೂ ಹಾಗೆನ್ನುವುದಿಲ್ಲ.

ಹೋದ ವರ್ಷ ತುಮಕೂರಿನಲ್ಲೇ ನಮ್ಮ ಕ್ರೀಡಾಕೂಟ. ಗೆದ್ದವರು ರಾಜ್ಯಮಟ್ಟಕ್ಕೆ. ನಾನು ಹೋಗಲೇಬೇಕಿತ್ತು. ನಮ್ಮಲ್ಲಿ ಓಟ ಎರಡು ದಿನ. ಮೊದಲ ದಿನ ಟೈಮ್ ನೋಡಿ, ಹೆಚ್ಚುಕಮ್ಮಿ ಒಂದೇ ವೇಗದವರನ್ನು ಒಂದು ಗುಂಪು ಮಾಡುತ್ತಾರೆ. ಮರುದಿನ ಆ ಗುಂಪಿನೊಳಗೆ ನಿಜವಾದ ಓಟ. ಆಗ ಹಿಂದಿನ ದಿನಕ್ಕಿಂತ ತೀರಾ ಜೋರಾಗಿ ಓಡಿದರೆ, ಮೊದಲು ಬೇಕೆಂದೇ ನಿಧಾನ ಮಾಡಿದ್ದಾರೆ ಎಂದು ತೆಗೆದುಹಾಕುತ್ತಾರೆ. "ಎರಡು ದಿನಾನೂ ಇರೋ ಶಕ್ತಿಯೆಲ್ಲ ಹಾಕಿ ಓಡ್ಬೇಕು" ಎಂದು ಮೇಡಂ ನೂರು ಸಲ ಹೇಳಿದ್ದರು.

ಅಣ್ಣ ಅಂಗಡಿ ಮುಚ್ಚಿ ನನ್ನ ಜೊತೆ ಬಂದಿದ್ದ. ಓಟದ ಶೂ ಕೊಡಿಸಿದವನೂ ಅವನೇ. ಮೊದಲ ದಿನ ಪಕ್ಕಕ್ಕೆ ಕರೆದು ಹೇಳಿದ, "ಇವತ್ತು ಸುಮ್ನೆ ಟೈಮ್ ನೋಡೋದು ಕಣೇ. ಮೆಲ್ಲಗೆ ಓಡು. ಶಕ್ತಿ ನಾಳೆಗಿಟ್ಕೋ."

"ಮೇಡಂ ಜೋರಾಗಿ ಓಡು ಅಂದವ್ರೆ."

"ನಂಗೊತ್ತಿಲ್ವಾ? ಹೇಳ್ದಷ್ಟು ಮಾಡು."

ಅಣ್ಣನಿಗೆ ಎಲ್ಲ ಗೊತ್ತು ಎಂದು ನಾನು ಚಿಕ್ಕಂದಿನಿಂದ ನಂಬಿದವಳು. ಮೆಲ್ಲಗೆ ಓಡಿದೆ.

ಮರುದಿನ ನಾನೇ ಮೊದಲು. ಹಿಂದೆ ಯಾರ ಕಾಲಿನ ಸದ್ದೂ ಇಲ್ಲ. ಅಯ್ಯೋ, ಎಂಥ ಖುಷಿ! ಅಣ್ಣ ಕುಣಿದೇಬಿಟ್ಟ. ಪದಕ ಕೊಡುವ ಕಡೆ ಹೋಗಿ ನಿಂತರೆ, ನನ್ನನ್ನು ಪಕ್ಕಕ್ಕೆ ಕಳಿಸಿದರು. ತೆಗೆದುಹಾಕಿದ್ದರು.

"ಅಷ್ಟು ಸಲ ಹೇಳಿದ್ನಲ್ಲೇ! ನಿನ್ನೆ ಯಾಕೆ ಮೆಲ್ಲಗೆ ಓಡ್ದೆ?" ಮೇಡಂ ಕೇಳಿದರು.

ನಾನು ಅಣ್ಣನ ಮುಖ ನೋಡಿದೆ. ಅವನು ನೆಲ ನೋಡುತ್ತ, "ಅವಳ ತಲೆಗೆ ಇದೆಲ್ಲ ಹೋಗಲ್ಲ ಮೇಡಂ, ಪಾಪ" ಎಂದ.

ಪಾಪವಂತೆ! ನನ್ನ ಸ್ವಂತ ಅಣ್ಣ! ಕೋಪ ನೆತ್ತಿಗೇರಿತು. ಆದರೆ ಕೋಪ ಬಂದಾಗ ನನ್ನ ಮಾತು ತೊದಲುತ್ತದೆ, ತೊದಲಿದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಮೇಡಂ ನನ್ನ ತಲೆ ಸವರಿ ಹೊರಟುಹೋದರು.

ಬಸ್ಸಿನಲ್ಲಿ ಕೇಳಿದೆ, "ನೀನೇ ಅಲ್ವಾ ಹೇಳಿದ್ದು?"

"ಆ ರೂಲ್ಸ್ ಗೊತ್ತಿರ್ಲಿಲ್ಲ ಕಣೇ. ತಪ್ಪಾಯ್ತು. ನಾನ್ ಹೇಳಿದ್ದು ಅಂತ ಅಮ್ಮಂಗೆ ಮಾತ್ರ ಹೇಳ್ಬೇಡ." ಅವನ ಕಣ್ಣಲ್ಲಿ ನೀರಿತ್ತು. ಒರೆಸಿಕೋ ಎಂದು ನನ್ನ ಕರ್ಚೀಫು ಕೊಟ್ಟೆ.

ಅಮ್ಮನಿಗೆ ಫೋನಿನಲ್ಲೇ ವಿಷಯ ತಿಳಿದಿತ್ತು. ಬಾಗಿಲಲ್ಲೇ ನಿಂತಿದ್ದಳು. "ಕೈಗೆ ಬಂದ ತುತ್ತು ಬಾಯಿಗೆ ಬರ್ಲಿಲ್ವಲ್ಲೇ! ಯಾಕ್ ಹಿಂಗ್ ಮಾಡ್ಕೊಂಡೆ?"

ಅಣ್ಣ ನನ್ನ ಬ್ಯಾಗು ಹಿಡಿದು ನಿಂತೇ ಇದ್ದ.

"ನಂಗೆ ಗೊತ್ತಾಗ್ಲಿಲ್ಲಮ್ಮ" ಎಂದೆ.

ನಾನು ಹೇಳಿದ್ದು ಶುದ್ಧ ಸುಳ್ಳು. ಅಮ್ಮ ಬಯ್ಯುತ್ತಾಳೆ, "ನಿಂಗೆ ಗೊತ್ತಾಗ್ದೆ ಇರುತ್ತಾ" ಎಂದು ಮತ್ತೆ ಕೇಳುತ್ತಾಳೆ ಎಂದು ಕಾದೆ. ಕೇಳಲಿಲ್ಲ. ಒಂದೇ ಮಾತಿಗೆ ನಂಬಿ, ಊಟಕ್ಕೆ ಬಾ ಎಂದು ಒಳಗೆ ಹೋದಳು.